ಸೂಜಿ ಹೊರುವ ಆನೆ

ಹುಟ್ಟುಹಬ್ಬಕ್ಕೆ, ಬೀಳ್ಕೊಡುಗೆಗೆ, ಊರು ಬಿಟ್ಟು ಹೋಗುವ ಗೆಳತಿಗೆ ಏನಾದರೂ ಕೊಡಬೇಕು ಎನಿಸಿದಾಗ ನಮ್ಮ ಮಕ್ಕಳು ಮೊದಲು ನೋಡುವುದು ಅಂಗಡಿಯ ಕಡೆಗೆ. ಅಲ್ಲಿ ಸಿಗುವ ಗಾಜಿನ ಗೊಂಬೆ, ಫೋಟೋ ಫ್ರೇಮು, ಪ್ಲಾಸ್ಟಿಕ್ ಹೂಗಳ ಗತಿ ಏನಾಗುತ್ತದೆ ಎಂಬುದು ಮನೆಯವರಿಗೆಲ್ಲ ಗೊತ್ತು. ನಾಲ್ಕು ದಿನ ಷೋಕೇಸಿನಲ್ಲಿ, ಆಮೇಲೆ ಅಟ್ಟದ ಮೇಲೆ. ಉಡುಗೊರೆ ಕೊಟ್ಟವರ ನೆನಪಾಗಬೇಕಾದರೆ ಅದು ಕೈಗೆ ಸಿಗುವಂತಿರಬೇಕು, ದಿನಕ್ಕೊಮ್ಮೆಯಾದರೂ ಕೆಲಸಕ್ಕೆ ಬರಬೇಕು. ನೋಡಲು ಚೆಂದವಿದ್ದರಂತೂ ಇನ್ನೂ ಒಳ್ಳೆಯದು.

ಅಂಥದೊಂದು ವಸ್ತುವನ್ನು ಮನೆಯಲ್ಲೇ, ಹೊಲಿಗೆಯಂತ್ರದ ಹಂಗಿಲ್ಲದೆ, ಕೈಯಿಂದಲೇ ಹೊಲಿದುಕೊಳ್ಳುವುದು ಹೇಗೆಂದು ಈ ಲೇಖನದಲ್ಲಿ ನೋಡೋಣ. ಅದು ಬಟ್ಟೆಯ ಪುಟ್ಟ ಆನೆ. ಸೊಂಡಿಲೆತ್ತಿ ಕುಳಿತ ಈ ಆನೆಯ ಬೆನ್ನ ಮೇಲೆ ಅಂಬಾರಿಯ ಬದಲು ಸೂಜಿ, ಗುಂಡುಪಿನ್ನುಗಳು ಚುಚ್ಚಿಕೊಂಡು ನಿಲ್ಲುತ್ತವೆ. ಇಂಗ್ಲಿಷಿನವರು ಪಿನ್ ಕುಷನ್ ಎನ್ನುವುದನ್ನು ನಾವು ಸೂಜಿದಿಂಬು ಎಂದು ಕರೆಯಬಹುದು. ‘ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ’ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮಾತ್ರ ಇರುವೆಯ ಭಾರವನ್ನು ಆನೆಯೇ ಹೊರುತ್ತದೆ!

ಜರ್ಮನಿಯ ಒಂದು ಆನೆ

ಬಟ್ಟೆಯ ಆನೆಗೆ ಸೂಜಿ ಹೊರಿಸುವುದು ಹೊಸ ಉಪಾಯವೇನೂ ಅಲ್ಲ. ಅದರ ಹಿಂದೆ ಮಕ್ಕಳೂ ದೊಡ್ಡವರೂ ತಿಳಿಯಬೇಕಾದ ಒಂದು ಕಥೆಯಿದೆ.

ಜರ್ಮನಿಯ ದಕ್ಷಿಣ ಭಾಗದಲ್ಲಿ ಗಿಂಗೆನ್ ಎಂಬ ಸಣ್ಣ ಊರು. ಅಲ್ಲಿ 1847ರಲ್ಲಿ ಮಾರ್ಗರೆಟ್ ಸ್ಟೈಫ್ ಎಂಬ ಹೆಣ್ಣುಮಗು ಹುಟ್ಟಿತು. ಒಂದೂವರೆ ವರ್ಷದ ಮಗುವಿಗೆ ಪೋಲಿಯೋ ತಗುಲಿತು. ಕಾಲುಗಳು ಸ್ವಾಧೀನ ತಪ್ಪಿದವು, ಬಲಗೈಯಲ್ಲಿ ಶಕ್ತಿ ಉಳಿಯಲಿಲ್ಲ. ನಡೆಯಲಾಗದ ಹುಡುಗಿ ಗಾಲಿಕುರ್ಚಿಯಲ್ಲೇ ಬೆಳೆದಳು. ಆದರೂ ಆಕೆ ಹೊಲಿಗೆ ಕಲಿಯಲು ಹಟ ಹಿಡಿದಳು. ದುರ್ಬಲವಾದ ಕೈಗೆ ಸೂಜಿ ಸುಲಭವಾಗಿ ಒಲಿಯಲಿಲ್ಲವಾದರೂ ಬಿಡದೆ ಕಲಿತು, ಬಟ್ಟೆ ಹೊಲಿದು ಸಂಪಾದಿಸತೊಡಗಿದಳು. 1877ರಲ್ಲಿ ಫೆಲ್ಟ್ ಬಟ್ಟೆಯ ಉಡುಪುಗಳ ಸ್ವಂತ ಅಂಗಡಿಯನ್ನೇ ತೆರೆದಳು. ಉಣ್ಣೆಯ ಎಳೆಗಳನ್ನು ನೇಯದೆ, ಬಿಸಿ ಮತ್ತು ತೇವದಲ್ಲಿ ಒತ್ತಿ ಒಂದಾಗಿಸಿದ ದಪ್ಪ ಬಟ್ಟೆಯೇ ಫೆಲ್ಟ್.

1879ರ ಕೊನೆಯಲ್ಲಿ ಮಾರ್ಗರೆಟ್ ಒಂದು ಫ್ಯಾಷನ್ ಪತ್ರಿಕೆಯಲ್ಲಿ ಬಟ್ಟೆಯ ಆನೆಯೊಂದರ ನಕ್ಷೆಯನ್ನು ಕಂಡಳು. ಅಂಗಡಿಯಲ್ಲಿ ಉಳಿದಿದ್ದ ಫೆಲ್ಟ್ ತುಂಡುಗಳಿಂದ ಅಂಥ ಆನೆಗಳನ್ನು ಹೊಲಿದು, ಸೂಜಿ ಚುಚ್ಚಿಡಲೆಂದು ಆಪ್ತರಿಗೆ ಉಡುಗೊರೆಯಾಗಿ ಕೊಟ್ಟಳು. ಆದರೆ ಆದದ್ದೇ ಬೇರೆ. ದೊಡ್ಡವರ ಹೊಲಿಗೆ ಪೆಟ್ಟಿಗೆಯಲ್ಲಿರಬೇಕಾದ ಆನೆ ಮಕ್ಕಳ ಕೈ ಸೇರಿತು. ಆ ಕಾಲದ ಆಟಿಕೆಗಳೆಂದರೆ ಹೆಚ್ಚಾಗಿ ಮರ, ತಗಡು, ಪಿಂಗಾಣಿಯವು. ಮೆತ್ತಗಿನ, ಅಪ್ಪಿಕೊಳ್ಳಬಹುದಾದ ಪ್ರಾಣಿಯನ್ನು ಕಂಡ ಮಕ್ಕಳು ಅದನ್ನು ಬಿಡಲೊಲ್ಲದೆ ಹೋದರು. 1886ರ ಹೊತ್ತಿಗೆ ಇಂಥ ಆನೆಗಳು ಐದು ಸಾವಿರಕ್ಕೂ ಹೆಚ್ಚು ಮಾರಾಟವಾಗಿದ್ದವು. ಆನೆಯ ಹಿಂದೆ ಕೋತಿ, ಕತ್ತೆ, ಕುದುರೆ, ಒಂಟೆಗಳು ಬಂದವು. 1902ರಲ್ಲಿ ಆಕೆಯ ಸೋದರನ ಮಗ ರಿಚರ್ಡ್ ಸ್ಟೈಫ್ ಕೈಕಾಲು ಆಡಿಸಬಲ್ಲ ಕರಡಿಯೊಂದನ್ನು ರೂಪಿಸಿದ. ಮರುವರ್ಷ ಲೈಪ್‌ಜಿಗ್ ನಗರದ ಮೇಳದಲ್ಲಿ ಅಮೆರಿಕದ ವ್ಯಾಪಾರಿಯೊಬ್ಬ ಅಂಥ 3 ಸಾವಿರ ಕರಡಿಗಳಿಗೆ ಬೇಡಿಕೆಯಿಟ್ಟ. ಜಗತ್ತಿನ ಮಕ್ಕಳೆಲ್ಲ ಟೆಡ್ಡಿ ಎಂದು ಕರೆಯುವ ಕರಡಿಯ ಹಿರಿಯರಲ್ಲಿ ಅದೂ ಒಂದು.

1909ರಲ್ಲಿ ಮಾರ್ಗರೆಟ್ ತೀರಿಕೊಂಡಾಗ ಆಕೆಯ ಸಂಸ್ಥೆ ಹೆಸರುವಾಸಿಯಾಗಿತ್ತು, ನೂರಾರು ಜನರಿಗೆ ಕೆಲಸ ಕೊಟ್ಟಿತ್ತು. ಇದಕ್ಕೆಲ್ಲ ಮೂಲ ಉಳಿಕೆ ಬಟ್ಟೆಯ ಒಂದು ತುಂಡು, ಒಂದು ಸೂಜಿ, ಆಪ್ತರಿಗೆ ಏನಾದರೂ ಮಾಡಿಕೊಡಬೇಕೆಂಬ ಮನಸ್ಸು. ಮಾಡಲಾಗದ ಕೆಲಸಗಳ ಪಟ್ಟಿಯನ್ನು ಬದಿಗಿಟ್ಟು, ಮಾಡಬಲ್ಲ ಒಂದು ಕೆಲಸವನ್ನು ಚೆನ್ನಾಗಿ ಮಾಡಿದ ಹೆಣ್ಣುಮಗಳ ಕಥೆ ಇದು.

ಯಾರಿಗೆ ಕೊಡಬಹುದು?

ಸೂಜಿ ಹಿಡಿಯುವವರು ನಮ್ಮ ಸುತ್ತ ಎಷ್ಟು ಜನರಿದ್ದಾರೆಂದು ಒಮ್ಮೆ ಯೋಚಿಸಿ. ಸೀರೆಗೆ ಕುಚ್ಚು ಕಟ್ಟಿ ಮನೆಯ ಖರ್ಚಿಗೆ ನೆರವಾಗುವ ಪಕ್ಕದ ಮನೆಯ ಅತ್ತೆ, ರವಿಕೆಗೆ ಮಣಿ ಪೋಣಿಸುವ ಚಿಕ್ಕಮ್ಮ, ವಸ್ತ್ರವಿನ್ಯಾಸ ಓದುತ್ತಿರುವ ಅಕ್ಕ, ದಸರಾ ಗೊಂಬೆಗಳಿಗೆ ತಾನೇ ಸೀರೆ ಉಡಿಸುವ ಅಜ್ಜಿ, ನಾಟಕದ ಉಡುಪುಗಳನ್ನು ಸರಿಪಡಿಸುವ ಗೆಳೆಯ, ಕಸೂತಿ ಕಲಿಯಲು ಆಗತಾನೆ ಶುರುಮಾಡಿರುವ ಸಹಪಾಠಿ. ಇವರಿಗೆಲ್ಲ ಒಂದು ತಾಪತ್ರಯ ಸಮಾನ. ಬೇಕಾದಾಗ ಸೂಜಿ ಸಿಗುವುದಿಲ್ಲ, ಬೇಡವಾದಾಗ ಕಾಲಿಗೆ ಸಿಗುತ್ತದೆ!

ಇದು ನಗುವ ಮಾತಷ್ಟೇ ಅಲ್ಲ. ಚಾಪೆಯ ಮೇಲೆ ಬಿದ್ದ ಸೂಜಿ ಬರಿಗಾಲಿಗೆ ಚುಚ್ಚಿ ಒಳಗೆ ಮುರಿದರೆ ಆಸ್ಪತ್ರೆಗೇ ಹೋಗಬೇಕು. ತೆವಳುವ ಕೂಸಿರುವ ಮನೆಯಲ್ಲಂತೂ ಬಿದ್ದ ಗುಂಡುಪಿನ್ನು ಬಾಯಿಗೇ ಹೋದೀತು. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಬಟ್ಟೆ ಹೊಲಿಯುವವರನ್ನು, ಸೆರಗಿಗೆ ಸೂಜಿ ಚುಚ್ಚಿಕೊಂಡು ಮರೆತುಬಿಡುವವರನ್ನು ನಾವೆಲ್ಲ ನೋಡಿದ್ದೇವೆ. ಕೈಗೆಟುಕುವಲ್ಲಿ ಸೂಜಿಗೆ ಒಂದು ಖಾಯಂ ಮನೆಯಿದ್ದರೆ ಈ ಅಪಾಯಗಳಲ್ಲಿ ಬಹುಪಾಲು ತಪ್ಪುತ್ತದೆ. ಆದ್ದರಿಂದ ಈ ಆನೆ ಅಲಂಕಾರದ ಸಾಮಾನಲ್ಲ, ಕೆಲಸದ ಸಾಮಾನು.

ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದು ಹೇಳುವ ಹಿರಿಯರು ಹಲವು ಮನೆಗಳಲ್ಲಿದ್ದಾರೆ. ಕೊಡುವವರ, ತೆಗೆದುಕೊಳ್ಳುವವರ ಬೆರಳಿಗೆ ಚುಚ್ಚೀತು ಎಂಬ ಎಚ್ಚರವೂ ಆ ಮಾತಿನೊಳಗೆ ಇದ್ದೀತು. ಆನೆಯ ಬೆನ್ನ ಮೇಲೇರಿ ಬಂದ ಸೂಜಿಗೆ ಆ ದೋಷವೂ ಇಲ್ಲ.

ಬೇಕಾಗುವ ಸಾಮಗ್ರಿ

ಫೆಲ್ಟ್ ಬಟ್ಟೆ: ಕರಕುಶಲ ಸಾಮಗ್ರಿ ಮಾರುವ ಅಂಗಡಿಗಳಲ್ಲಿ, ಕೆಲವು ಸ್ಟೇಷನರಿ ಅಂಗಡಿಗಳಲ್ಲಿ ಹಾಳೆಯ ರೂಪದಲ್ಲಿ ಸಿಗುತ್ತದೆ. ಎ4 ಅಳತೆಯ ಒಂದು ಹಾಳೆ ಸಾಕು. ಬೂದು ಬಣ್ಣವೇ ಆಗಬೇಕೆಂದಿಲ್ಲ. ಹಸಿರು ಆನೆ, ಕೆಂಪು ಆನೆ ಬಟ್ಟೆಯ ಲೋಕದಲ್ಲಿ ಧಾರಾಳವಾಗಿ ಓಡಾಡಬಹುದು. ಫೆಲ್ಟನ್ನು ಕತ್ತರಿಸಿದರೆ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ಹೀಗಾಗಿ ಅಂಚು ಮಡಿಸಿ ಹೊಲಿಯುವ ರಗಳೆಯಿಲ್ಲ. ಮೊದಲ ಸಲ ಹೊಲಿಯುವವರಿಗೆ ಇದು ದೊಡ್ಡ ಅನುಕೂಲ.

ಮ್ಯಾಟಿ ಬಟ್ಟೆ: ಆನೆಯ ಬೆನ್ನ ಮೇಲಿನ ಜೂಲಿಗೆ 12 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ತುಂಡು. ಇಲ್ಲದಿದ್ದರೆ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡು, ಖಣದ ತುಂಡು, ಯಾವುದಾದರೂ ಸರಿ.

ಇವುಗಳ ಜೊತೆಗೆ ಎರಡು ಬಣ್ಣದ ಕಸೂತಿ ದಾರ, ಒಂದು ಮಧ್ಯಮ ಗಾತ್ರದ ಸೂಜಿ, ಆರೇಳು ಗುಂಡುಪಿನ್ನು, ಹರಿತವಾದ ಕತ್ತರಿ, ಅಳತೆಪಟ್ಟಿ, ದಪ್ಪ ಕಾಗದ, ಹಳೆಯ ನೋಟುಬುಕ್ಕಿನ ರಟ್ಟು, ಎರಡು ಹಿಡಿ ತುಂಬುವ ಹತ್ತಿ ಅಥವಾ ಉಣ್ಣೆ, ಎರಡು ಮೂರು ಚಮಚ ಒಣ ಮರಳು. ಸೂಜಿ ಕೊಳ್ಳುವಾಗ ಒಂದು ವಿಷಯ ನೆನಪಿಡಿ: ಸೂಜಿಯ ನಂಬರು ಹೆಚ್ಚಿದಂತೆ ಸೂಜಿ ತೆಳ್ಳಗಾಗುತ್ತದೆ. ಕಸೂತಿ ದಾರ ಸುಲಭವಾಗಿ ತೂರುವಷ್ಟು ಕಣ್ಣು ದೊಡ್ಡದಾಗಿರಲಿ.

ನಕ್ಷೆ ಬರೆಯುವುದು

ಮೊದಲು ದಪ್ಪ ಕಾಗದದ ಮೇಲೆ ನಕ್ಷೆ ಬರೆದು ಕತ್ತರಿಸಿಕೊಳ್ಳಬೇಕು. ಬಟ್ಟೆಯ ಮೇಲೆ ನೇರವಾಗಿ ಬರೆದರೆ ತಿದ್ದುವುದು ಕಷ್ಟ.

ಆನೆಯ ಪಕ್ಕ: 12 ಸೆಂಟಿಮೀಟರ್ ಉದ್ದದ ಅಡ್ಡಗೆರೆ ಎಳೆಯಿರಿ. ಇದು ಆನೆ ಕುಳಿತ ನೆಲ. ಗೆರೆಯ ಎಡ ತುದಿ ಆನೆಯ ಮುಂಭಾಗ, ಬಲ ತುದಿ ಹಿಂಭಾಗ. ಬಲ ತುದಿಯಿಂದ ಮೇಲಕ್ಕೆ ಬಾಗುತ್ತ, ಮಧ್ಯದಲ್ಲಿ 8 ಸೆಂಟಿಮೀಟರ್ ಎತ್ತರ ಮುಟ್ಟಿ, ಎಡಕ್ಕೆ ನೆತ್ತಿಯ ಕಡೆಗೆ ಇಳಿಯುವ ಗೆರೆ ಬರೆಯಿರಿ. ಕವುಚಿಟ್ಟ ಬೋಗುಣಿಯ ಆಕಾರ ಕಣ್ಣ ಮುಂದಿರಲಿ. ಇನ್ನು ಸೊಂಡಿಲು. ಎಡ ತುದಿಯಿಂದ ಎರಡೂವರೆ ಸೆಂಟಿಮೀಟರ್ ನೇರ ಮೇಲಕ್ಕೆ ಬಂದರೆ ಅದು ಎದೆ. ಅಲ್ಲಿಂದ ಸೊಂಡಿಲು ಮುಂದಕ್ಕೆ 5 ಸೆಂಟಿಮೀಟರ್ ಚಾಚಿ, ತುದಿಯಲ್ಲಿ ಮೇಲಕ್ಕೆ ಬಾಗಲಿ. ಬುಡದಲ್ಲಿ 3 ಸೆಂಟಿಮೀಟರ್, ತುದಿಯಲ್ಲಿ 2 ಸೆಂಟಿಮೀಟರ್ ಅಗಲವಿರಲಿ. ಅದಕ್ಕಿಂತ ಸಪೂರವಾದರೆ ಒಳಗೆ ಹತ್ತಿ ತುಂಬುವುದು ಕಷ್ಟ. ಇಂಥ ತುಂಡು ಎರಡು ಬೇಕು.

ತಳ: ಇದು ಎರಡೂ ತುದಿ ಚೂಪಾದ ಮಾವಿನೆಲೆಯಂಥ ಆಕಾರ. ಉದ್ದ ಸುಮಾರು ಒಂಬತ್ತೂವರೆ ಸೆಂಟಿಮೀಟರ್, ನಡುವಿನ ಅಗಲ 6 ಸೆಂಟಿಮೀಟರ್.

ಇಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಏಳಬೇಕು. ಆನೆಯ ಪಕ್ಕದ ಕೆಳಗೆರೆ 12 ಸೆಂಟಿಮೀಟರ್ ಇರುವಾಗ ತಳದ ಉದ್ದ ಒಂಬತ್ತೂವರೆ ಮಾತ್ರ ಏಕೆ? ಉತ್ತರ ಸರಳ. ನೇರವಾದ 12 ಸೆಂಟಿಮೀಟರ್ ಗೆರೆಯನ್ನು ಬಿಲ್ಲಿನಂತೆ ಬಗ್ಗಿಸಿದರೆ ಅದರ ಎರಡು ತುದಿಗಳು ಹತ್ತಿರ ಬರುತ್ತವೆ. ಬಿಲ್ಲಿಗಿಂತ ಹೆದೆ ಚಿಕ್ಕದಲ್ಲವೇ? ತಳದ ಒಂದು ಅಂಚಿನ ಮೇಲೆ ದಾರವನ್ನು ಹಾಸುತ್ತ ಹೋಗಿ, ಆ ದಾರವನ್ನು ಅಳತೆಪಟ್ಟಿಯ ಮೇಲೆ ನೇರವಾಗಿ ಹಿಡಿದು ನೋಡಿ. 12 ಸೆಂಟಿಮೀಟರ್ ಬರಬೇಕು. ಕೊಂಚ ಹೆಚ್ಚುಕಡಿಮೆ ಬಂದರೆ ಕಾಗದದಲ್ಲೇ ಸರಿಪಡಿಸಿಕೊಳ್ಳಿ. ಪಠ್ಯಪುಸ್ತಕದಲ್ಲಿ ಕಂಸ, ಜ್ಯಾ ಎಂದು ಓದಿದ್ದು ಇಲ್ಲಿ ಕೈಗೆ ಸಿಗುತ್ತದೆ.

ಕಿವಿ: ವೀಳ್ಯದೆಲೆಯ ಆಕಾರ, 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ. ಎರಡು ತುಂಡು.

ನಕ್ಷೆಗಳನ್ನು ಫೆಲ್ಟಿನ ಮೇಲೆ ಗುಂಡುಪಿನ್ನಿನಿಂದ ಕೂರಿಸಿ, ಸೀಮೆಸುಣ್ಣದಿಂದಲೋ ಪೆನ್ಸಿಲಿನಿಂದಲೋ ಅಂಚು ಗುರುತಿಸಿ ಕತ್ತರಿಸಿ. ಕಾಗದ ಕತ್ತರಿಸಿದ ಕತ್ತರಿ ಬಟ್ಟೆಗೆ ಬೇಗ ಮೊಂಡಾಗುತ್ತದೆ. ಸಾಧ್ಯವಾದರೆ ಎರಡಕ್ಕೂ ಬೇರೆ ಬೇರೆ ಕತ್ತರಿ ಇರಲಿ.

ಹೊಲಿಗೆ ಶುರು

ದಾರವನ್ನು ಒಂದು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ. ಮತ್ತೆ ಮತ್ತೆ ದಾರ ಪೋಣಿಸುವ ಬೇಸರಕ್ಕೆ ಮಾರುಗಟ್ಟಲೆ ದಾರ ಎಳೆದುಕೊಂಡರೆ ಅದು ಸಿಕ್ಕಾಗುವುದು ಖಂಡಿತ. ಕಸೂತಿ ದಾರದಲ್ಲಿ ಸಾಮಾನ್ಯವಾಗಿ ಆರು ಎಳೆಗಳಿರುತ್ತವೆ. ಅದರಲ್ಲಿ ಮೂರನ್ನು ಬಿಡಿಸಿ ತೆಗೆದುಕೊಂಡರೆ ಸಾಕು.

ಮೊದಲ ಹಂತದಲ್ಲಿ ಕಣ್ಣು, ಕಿವಿ. ಬಟ್ಟೆ ಚಪ್ಪಟೆಯಾಗಿರುವಾಗಲೇ ಇವನ್ನು ಮುಗಿಸುವುದು ಸುಲಭ. ಎರಡು ಪಕ್ಕಗಳನ್ನೂ ಸೊಂಡಿಲು ಸೊಂಡಿಲಿಗೆ ಎದುರಾಗುವಂತೆ ಮೇಜಿನ ಮೇಲಿಡಿ. ಒಂದು ಎಡಪಕ್ಕ, ಇನ್ನೊಂದು ಬಲಪಕ್ಕ. ಹೀಗೆ ಇಟ್ಟುಕೊಳ್ಳದೆ ಹೊಲಿದರೆ ಎರಡೂ ಕಣ್ಣು ಒಂದೇ ಪಕ್ಕಕ್ಕೆ ಬಂದುಬಿಡುತ್ತವೆ. ಕಣ್ಣನ್ನು ಕಪ್ಪು ದಾರದಲ್ಲೇ ನಾಲ್ಕೈದು ಹೊಲಿಗೆ ಹಾಕಿ ತುಂಬಿ. ಕಿವಿಯ ಮುಂದಿನ ಅಂಚನ್ನು ಮಾತ್ರ ಹೊಲಿದು, ಹಿಂದಿನ ಅಂಚನ್ನು ಹಾಗೇ ಬಿಡಿ. ಆಗ ಕಿವಿ ಅಲುಗಾಡುತ್ತದೆ, ಆನೆಗೆ ಜೀವ ಬಂದಂತಾಗುತ್ತದೆ.

ಎರಡನೆಯ ಹಂತ, ಎರಡು ಪಕ್ಕಗಳ ಜೋಡಣೆ. ಕಣ್ಣು ಕಿವಿ ಹೊರಗೆ ಬರುವಂತೆ ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ಪಿನ್ನು ಚುಚ್ಚಿ. ಮುಂಭಾಗದ ಕೆಳತುದಿಯಿಂದ ಹೊಲಿಯಲು ತೊಡಗಿ. ಎದೆ, ಸೊಂಡಿಲಿನ ಕೆಳಗೆರೆ, ತುದಿ, ಮೇಲುಗೆರೆ, ನೆತ್ತಿ, ಬೆನ್ನು ಹೀಗೆ ಸಾಗಿ ಹಿಂಭಾಗದ ಕೆಳತುದಿಗೆ ಬಂದು ನಿಲ್ಲಿ. ತಳ ತೆರೆದೇ ಇರಬೇಕು.

ಇದಕ್ಕೆ ಬ್ಲಾಂಕೆಟ್ ಸ್ಟಿಚ್ ಹೊಂದುತ್ತದೆ. ಅಂಗಿಯ ಗುಂಡಿಮನೆಗೆ ಹಾಕುವ ಕಾಜಾ ಹೊಲಿಗೆಯ ಹತ್ತಿರದ ನೆಂಟ ಇದು. ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಸೂಜಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ. ದಾರ ಪೂರ್ತಿ ಬಿಗಿಯಾಗುವ ಮೊದಲು ಅಂಚಿನ ಬಳಿ ಉಂಟಾಗುವ ಕುಣಿಕೆಯೊಳಗಿಂದ ಸೂಜಿಯನ್ನು ಹಾಯಿಸಿ ಎಳೆಯಿರಿ. ದಾರ ಅಂಚಿನ ಗುಂಟ ಮಲಗುತ್ತದೆ. ಮುಂದಿನ ಹೊಲಿಗೆ ಅರ್ಧ ಸೆಂಟಿಮೀಟರ್ ಆಚೆಗೆ. ಮೊದಲ ಹತ್ತು ಹೊಲಿಗೆಗಳು ಸೊಟ್ಟಪಟ್ಟ ಆಗುತ್ತವೆ. ಹನ್ನೊಂದನೆಯದರಿಂದ ಕೈ ಹದಕ್ಕೆ ಬರುತ್ತದೆ. ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಒಳಗಿನ ಹತ್ತಿ ಇಣುಕುತ್ತದೆ.

ಸೊಂಡಿಲನ್ನು ಸುತ್ತಿ ನೆತ್ತಿಗೆ ಬಂದ ಕೂಡಲೆ ಹೊಲಿಗೆ ನಿಲ್ಲಿಸಿ, ಸೊಂಡಿಲಿಗೆ ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ ತೂರಿಸಿ ಪೆನ್ಸಿಲಿನ ಮೊಂಡು ತುದಿಯಿಂದ ಒತ್ತಿ ತುಂಬಿ. ಆಮೇಲೆ ಕೈ ಹೋಗುವುದಿಲ್ಲ. ಬಾಲಕ್ಕೆ ಮೂರು ಎಳೆಯ ಪುಟ್ಟ ಜಡೆ ಹೆಣೆದು, ತುದಿಗೆ ಗಂಟು ಹಾಕಿ, ಹಿಂಭಾಗದಲ್ಲಿ ನೆಲದಿಂದ 3 ಸೆಂಟಿಮೀಟರ್ ಎತ್ತರದಲ್ಲಿ ಎರಡು ಬಟ್ಟೆಗಳ ನಡುವೆ ಇಟ್ಟು ಹೊಲಿಗೆಯೊಳಗೆ ಸೇರಿಸಿ.

ಮೂರನೆಯ ಹಂತ, ತಳ. ತಳದ ಒಂದು ಚೂಪನ್ನು ಎದೆಯ ಕೆಳತುದಿಗೆ, ಇನ್ನೊಂದನ್ನು ಬಾಲದ ಕೆಳತುದಿಗೆ ಪಿನ್ನಿನಿಂದ ಕೂಡಿಸಿ. ಒಂದು ಪಕ್ಕವನ್ನು ಪೂರ್ತಿ ಹೊಲಿಯಿರಿ. ಇನ್ನೊಂದು ಪಕ್ಕವನ್ನು ಸದ್ಯಕ್ಕೆ ಹೊಲಿಯಬೇಡಿ. ತಳವೀಗ ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ.

ಫೆಲ್ಟ್ ಸಿಗದಿದ್ದರೆ ಹಳೆಯ ಹತ್ತಿ ಬಟ್ಟೆಯಲ್ಲೂ ಆನೆ ಮಾಡಬಹುದು. ಆಗ ನಕ್ಷೆಯ ಸುತ್ತ ಒಂದು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಬೇಕು. ಸೊಂಡಿಲನ್ನು ಇನ್ನಷ್ಟು ದಪ್ಪ ಮಾಡಿಕೊಳ್ಳಬೇಕು. ಎರಡು ಪಕ್ಕಗಳ ಅಂದದ ಮುಖ ಒಳಗೆ ಬರುವಂತೆ ಇಟ್ಟು, ಪ್ರತಿ ಹೊಲಿಗೆಗೂ ಅರ್ಧ ಹೆಜ್ಜೆ ಹಿಂದಕ್ಕೆ ಬಂದು ಮುಂದೆ ಹೋಗುವ ಬ್ಯಾಕ್ ಸ್ಟಿಚ್ ಹಾಕಿ, ಬಾಗಿದ ಕಡೆಗಳಲ್ಲಿ ಅಂಚಿಗೆ ಸಣ್ಣ ಸಣ್ಣ ಕಚ್ಚು ಕೊಟ್ಟು, ದಿಂಬಿನ ಗವಸಿನಂತೆ ಒಳಹೊರಗು ಮಾಡಬೇಕು. ಕಿವಿಗಳನ್ನು ಕೊನೆಯಲ್ಲಿ ಹೊಲಿದರಾಯಿತು.

ಒಳಗೇನು ತುಂಬಬೇಕು?

ಸೂಜಿದಿಂಬಿನ ಗುಣ ಇರುವುದು ಅದರ ಹೊಟ್ಟೆಯಲ್ಲಿ. ಗೊಂಬೆಗೆ ಮೆತ್ತಗೆ ತುಂಬಿದರೆ ಚೆಂದ. ಸೂಜಿದಿಂಬಿಗೆ ಹಾಗಲ್ಲ, ಬೆರಳಿನಿಂದ ಒತ್ತಿದರೆ ತುಸುವೇ ತಗ್ಗುವಷ್ಟು ಗಟ್ಟಿಯಾಗಿ ತುಂಬಬೇಕು. ಸಡಿಲವಾದರೆ ಸೂಜಿ ವಾಲುತ್ತದೆ, ಕೆಲವು ಸಲ ಒಳಗೇ ಮುಳುಗಿಹೋಗುತ್ತದೆ.

ಉಣ್ಣೆ ಎಲ್ಲಕ್ಕಿಂತ ಒಳ್ಳೆಯದು. ಕುರಿಯ ಉಣ್ಣೆಯಲ್ಲಿ ಸ್ವಾಭಾವಿಕವಾದ ಜಿಡ್ಡಿನ ಅಂಶವಿದ್ದು, ಅದು ಸೂಜಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ತೂತುಬಿದ್ದ ಉಣ್ಣೆಯ ಸ್ವೆಟರು ಮನೆಯಲ್ಲಿದ್ದರೆ ಸಣ್ಣಗೆ ಕತ್ತರಿಸಿ ತುಂಬಿ. ತೊಳೆದು ತೊಳೆದು ಜಿಡ್ಡು ಕಡಿಮೆಯಾಗಿದ್ದರೂ ಗಟ್ಟಿಯಾಗಿ ಕೂರುತ್ತದೆ. ಹತ್ತಿ, ಬೂರುಗದ ಹತ್ತಿ ಎರಡೂ ಆಗಬಹುದು. ಆದರೆ ಹತ್ತಿ ತೇವ ಹೀರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇದನ್ನು ಗಮನಿಸಬೇಕು. ತುಂಬುವ ಮೊದಲು ಹತ್ತಿಯನ್ನು ಬಿಸಿಲಿಗೆ ಹರಡಿ, ಮುಗಿದ ಮೇಲೂ ಆನೆಯನ್ನು ಆಗಾಗ ಬಿಸಿಲಿಗಿಡುವಂತೆ ಗೆಳತಿಗೆ ಹೇಳಿ. ಅಕ್ಕಿ, ರಾಗಿ, ಕಾಳುಗಳನ್ನು ತುಂಬಲೇಬೇಡಿ. ಹುಳು, ಇರುವೆಗಳು ನಿಮಗಿಂತ ಮೊದಲು ಆನೆಯನ್ನು ಬಿಚ್ಚುತ್ತವೆ.

ಹಿಂದಿನ ಕಾಲದ ಇಂಗ್ಲಿಷ್ ಸೂಜಿದಿಂಬುಗಳು ಟೊಮೆಟೊ ಹಣ್ಣಿನ ಆಕಾರದಲ್ಲಿರುತ್ತಿದ್ದವು. ಅದಕ್ಕೊಂದು ಪುಟ್ಟ ಸ್ಟ್ರಾಬೆರಿ ಹಣ್ಣು ಜೋತುಬಿದ್ದಿರುತ್ತಿತ್ತು. ಅದು ಬರೀ ಅಲಂಕಾರವಲ್ಲ. ಅದರೊಳಗೆ ಸಾಣೆಗೆ ಬಳಸುವ ಎಮರಿ ಪುಡಿ ತುಂಬಿರುತ್ತಿದ್ದರು. ಸೂಜಿಯನ್ನು ನಾಲ್ಕು ಸಲ ಅದರಲ್ಲಿ ಚುಚ್ಚಿ ತೆಗೆದರೆ ತುಕ್ಕು ಉಜ್ಜಿಹೋಗಿ ಮೊನೆ ಹರಿತವಾಗುತ್ತಿತ್ತು. ಈ ಉಪಾಯ ಇಂದಿಗೂ ಬಳಕೆಯಲ್ಲಿದೆ.

ಆನೆಯ ಹೊಟ್ಟೆ ಮುಕ್ಕಾಲು ತುಂಬಿದ ಮೇಲೆ ಮರಳನ್ನು ಒಂದು ತುಂಡು ಬಟ್ಟೆಯಲ್ಲಿ ಬಿಗಿಯಾಗಿ ಗಂಟುಕಟ್ಟಿ ಒಳಗಿಡಿ. ಮರಳು ಚೆನ್ನಾಗಿ ತೊಳೆದು ಒಣಗಿಸಿದ್ದಾಗಿರಲಿ. ಕೆಳಗೆ ಭಾರವಿದ್ದರೆ ಒಂದೇ ಕೈಯಲ್ಲಿ ಸೂಜಿ ಕಿತ್ತರೂ ಆನೆ ಮೇಲೆದ್ದು ಬರುವುದಿಲ್ಲ. ಅದರ ಕೆಳಗೆ, ತಳದ ಆಕಾರಕ್ಕಿಂತ ಕೊಂಚ ಚಿಕ್ಕದಾಗಿ ಕತ್ತರಿಸಿದ ರಟ್ಟು. ಉದ್ದ ಸೂಜಿಯನ್ನು ಜೋರಾಗಿ ಚುಚ್ಚಿದರೂ ಮೊನೆ ತಳದಿಂದ ಹೊರಬಾರದಂತೆ ಈ ರಟ್ಟು ತಡೆಯುತ್ತದೆ. ಈಗ ಮುಚ್ಚಳ ಮುಚ್ಚಿ, ಉಳಿದ ಪಕ್ಕವನ್ನು ಹೊಲಿಯಿರಿ. ಕೊನೆಯ ಎರಡು ಬೆರಳಷ್ಟು ಜಾಗ ಉಳಿದಾಗ ಇನ್ನೂ ಎಲ್ಲಿ ಟೊಳ್ಳಿದೆ ಎಂದು ಒತ್ತಿ ನೋಡಿ, ಹತ್ತಿ ತೂರಿಸಿ, ಗಂಟು ಹಾಕಿ. ಮುಂದಿನ ಅಂಚಿನಲ್ಲಿ ಬಿಳಿ ದಾರದಿಂದ ನಾಲ್ಕಾರು ಅರ್ಧಚಂದ್ರ ಬರೆದರೆ ಕಾಲುಗುರು ಮೂಡುತ್ತದೆ.

ಜೂಲಿಗೆ ಕಸೂತಿ

ಇಲ್ಲಿಯವರೆಗಿನ ಆನೆ ಯಾವ ದೇಶದ್ದೂ ಆಗಬಹುದು. ಜೂಲು ಹೊದಿಸಿದಾಗ ಅದು ನಮ್ಮದಾಗುತ್ತದೆ.

ಧಾರವಾಡದ ಕಡೆಯ ಕಸೂತಿ ಕಲೆಯಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳ ಜೊತೆಗೆ ಆನೆ, ಅಂಬಾರಿಗಳೂ ಇವೆ. ನಕ್ಷೆಯನ್ನು ಬಟ್ಟೆಯ ಮೇಲೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಹಾಕುವುದು ಇದರ ವೈಶಿಷ್ಟ್ಯ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಮೊದಲು ಕಲಿಯುವವರಿಗೆ ಗವಂತಿ ಸುಲಭ. ಒಂದು ಎಳೆ ಬಿಟ್ಟು ಒಂದು ಎಳೆಗೆ ಹೊಲಿಗೆ ಹಾಕುತ್ತ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತ ಖಾಲಿ ಜಾಗಗಳನ್ನು ತುಂಬಿದರೆ ಗೆರೆ ಎರಡು ಕಡೆಯಿಂದಲೂ ಒಂದೇ ಥರ ಕಾಣುತ್ತದೆ. ಮ್ಯಾಟಿ ಬಟ್ಟೆಯ ಎಳೆಗಳು ದಪ್ಪವಾಗಿರುವುದರಿಂದ ಎಣಿಸುವುದು ಕಷ್ಟವಲ್ಲ. ಅಂಚಿಗೆ ಒಂದು ಸಾಲು, ನಡುವೆ ಗೆಳತಿಯ ಹೆಸರಿನ ಮೊದಲಕ್ಷರ, ಅಷ್ಟು ಸಾಕು.

ನಾಲ್ಕೂ ಅಂಚುಗಳನ್ನು ಒಂದೊಂದು ಸೆಂಟಿಮೀಟರ್ ಒಳಕ್ಕೆ ಮಡಿಸಿ, ಜೂಲನ್ನು ಬೆನ್ನ ಮೇಲೆ ಎರಡೂ ಕಡೆ ಸಮನಾಗಿ ಇಳಿಬಿಟ್ಟು, ಸಣ್ಣ ಹೊಲಿಗೆಗಳಿಂದ ಸುತ್ತ ಕೂರಿಸಿ. ಸೂಜಿ ಚುಚ್ಚುವ ಜಾಗ ಇದೇ. ‘ಆನೆಗೆ ನೋಯುವುದಿಲ್ಲವೇ?’ ಎಂದು ತಮ್ಮನೋ ತಂಗಿಯೋ ಕೇಳಿದರೆ, ‘ಜೂಲಿಗೆ ಮಾತ್ರ ಚುಚ್ಚುತ್ತೇವೆ’ ಎಂದು ಸಮಾಧಾನ ಹೇಳಬಹುದು.

ಇದು ಆಟಿಕೆಯಲ್ಲ!

ಮಾರ್ಗರೆಟ್ ಮಾಡಿದ ಸೂಜಿದಿಂಬು ಆಟಿಕೆಯಾಗಿ ಬದಲಾದದ್ದು ಆಕೆಗೆ ಅದೃಷ್ಟ ತಂದಿತು. ನಮ್ಮ ಮನೆಯಲ್ಲಿ ಅದೇ ಅನಾಹುತವಾಗಬಹುದು. ಪ್ರಾಣಿಯಂತೆ ಕಾಣುವ ಮೆತ್ತನೆಯ ವಸ್ತುವನ್ನು ಚಿಕ್ಕ ಮಕ್ಕಳು ಎದೆಗೊತ್ತಿಕೊಳ್ಳುವುದು ಸಹಜ. ಅದರೊಳಗೆ ಒಂದು ಸೂಜಿ ಹುದುಗಿದ್ದರೆ? ಆದ್ದರಿಂದ ಈ ನಿಯಮಗಳನ್ನು ಮರೆಯಬೇಡಿ.

ಹೊಲಿಗೆಗೆ ಕೂರುವ ಮೊದಲು ಸೂಜಿ, ಪಿನ್ನುಗಳನ್ನು ಎಣಿಸಿ. ಎದ್ದಾಗ ಮತ್ತೆ ಎಣಿಸಿ. ತುಂಬುವ ಮೊದಲು ಒಳಗೆ ಪಿನ್ನು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸೂಜಿಯನ್ನು ಚುಚ್ಚಿಡುವಾಗ ಕಣ್ಣಿನ ಕಡೆಯ ಕಾಲುಭಾಗ ಹೊರಗಿರಲಿ. ಕಣ್ಣಿನಲ್ಲಿ ಒಂದು ಗೇಣು ಬಣ್ಣದ ದಾರ ಉಳಿಸಿದ್ದರೆ ಇನ್ನೂ ಒಳ್ಳೆಯದು, ಒಳಗೆ ಮುಳುಗಿದರೂ ದಾರ ಹಿಡಿದು ಎಳೆಯಬಹುದು. ಕೂಸಿರುವ ಮನೆಗೆ ಈ ಉಡುಗೊರೆ ಕೊಡುವುದಾದರೆ ಮುಚ್ಚಳವಿರುವ ಡಬ್ಬಿಯನ್ನೂ ಜೊತೆಗೆ ಕೊಡಿ. ಅಂಥ ಮನೆಯ ಮಗುವಿಗೆ ಬೇರೆಯೇ ಒಂದು ಆನೆ ಹೊಲಿದುಕೊಡುವಿರಾದರೆ ಅದರಲ್ಲಿ ಮರಳು, ಮಣಿ, ಗುಂಡಿ ಯಾವುದೂ ಬೇಡ, ಎರಡನ್ನೂ ಒಂದೇ ಬಣ್ಣದಲ್ಲಿ ಮಾಡಲೂ ಬೇಡಿ. ಹತ್ತು ವರ್ಷದೊಳಗಿನವರು ಹೊಲಿಯುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು.

ಹೆತ್ತವರೊಂದಿಗೆ ಎರಡು ಮಾತು

‘ಪರೀಕ್ಷೆ ಹತ್ತಿರ ಬಂತು, ಸೂಜಿ ದಾರ ಹಿಡಿದು ಕೂತರೆ ಆಯಿತೇ?’ ಎನ್ನುವ ಹೆತ್ತವರಿದ್ದಾರೆ. ಕೈಕೆಲಸವನ್ನು ಓದಿನ ಶತ್ರುವೆಂದು ತಿಳಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲಶಿಕ್ಷಣದ ವಿಚಾರವನ್ನು ಮುಂದಿಟ್ಟಾಗ ಕೈಕೆಲಸವನ್ನು ಪಾಠದ ಪಕ್ಕದಲ್ಲಲ್ಲ, ಪಾಠದ ನಡುವೆಯೇ ಇಟ್ಟಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು, ಸ್ಥಳೀಯ ಕುಶಲಕರ್ಮಿಗಳಿಂದ ಕೆಲಸ ಕಲಿಯಬೇಕೆಂದು ಸೂಚಿಸಿತು. ನೀತಿ ಏನೇ ಇರಲಿ, ಮನೆಯಲ್ಲಿ ಅದಕ್ಕೆ ಅಪ್ಪಣೆ ಬೇಕಾಗಿಲ್ಲ.

ಅಳೆಯುವುದು, ಎರಡು ಪಕ್ಕ ಸಮ ಮಾಡುವುದು, ಚಪ್ಪಟೆ ಬಟ್ಟೆಯಿಂದ ಉಬ್ಬಿದ ಆಕಾರ ಹೊರಡಿಸುವುದು, ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುವುದು, ಇವೆಲ್ಲ ವಿದ್ಯೆಯೇ. ಅದರಲ್ಲೂ ಕೊನೆಯದು ದೊಡ್ಡ ವಿದ್ಯೆ. ಮೊಬೈಲಿನ ಪರದೆಯಲ್ಲಿ ತಪ್ಪನ್ನು ಬೆರಳಿನ ಒಂದು ಒತ್ತಿನಲ್ಲಿ ಅಳಿಸಬಹುದು. ಬಟ್ಟೆಯಲ್ಲಿ ತಪ್ಪನ್ನು ಬಂದ ದಾರಿಯಲ್ಲೇ ಹಿಂದೆ ಹೋಗಿ ಬಿಚ್ಚಬೇಕು. ತಾಳ್ಮೆ ಎಂಬ ಪದದ ಅರ್ಥ ಮಕ್ಕಳಿಗೆ ತಿಳಿಯುವುದು ಹೀಗೆಯೇ.

ಹೊಲಿಗೆ ಹೆಣ್ಣುಮಕ್ಕಳ ಕೆಲಸವೆಂಬ ಮಾತನ್ನು ದಯವಿಟ್ಟು ಆಡಬೇಡಿ. ಪೇಟೆಬೀದಿಯ ದರ್ಜಿಗಳು, ಚಮ್ಮಾರರು, ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವ ಡಾಕ್ಟರು, ಇವರೆಲ್ಲರ ಕೈಯಲ್ಲಿರುವುದೂ ಸೂಜಿಯೇ. ಅಂಗಿಯ ಗುಂಡಿ ಕಿತ್ತುಹೋದರೆ ಹಾಸ್ಟೆಲಿನಲ್ಲಿರುವ ಮಗ ಯಾರನ್ನು ಕರೆಯಬೇಕು? ಹುಡುಗನಿಗೂ ಒಂದು ಆನೆ ಹೊಲಿಯಲು ಹೇಳಿ.

ಇನ್ನೊಂದು ಮಾತು. ಮಗು ಹೊಲಿದ ಆನೆಯ ಸೊಂಡಿಲು ಸೊಟ್ಟಗಾಗಿದ್ದರೆ ನೀವು ರಾತ್ರಿ ಕುಳಿತು ಸರಿಮಾಡಬೇಡಿ. ಅದು ಅವರ ಉಡುಗೊರೆ. ಹೇಳಿಕೊಡಿ, ಸೂಜಿ ಪೋಣಿಸಿಕೊಡಿ, ಗಂಟು ಬಿಡಿಸಿಕೊಡಿ, ಅಷ್ಟಕ್ಕೆ ನಿಲ್ಲಿ. ಹಳೆಯ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿಯುವ ನಮ್ಮ ಹಳ್ಳಿಗಳ ಅಜ್ಜಿಯರ ಹೊಲಿಗೆಯ ಸಾಲುಗಳನ್ನು ನೋಡಿ. ಅಳತೆಪಟ್ಟಿ ಹಿಡಿದು ಎಳೆದಂತೆ ಇರುವುದಿಲ್ಲ. ಆದರೂ ಆ ಕೌದಿ ಬೆಚ್ಚಗಿರುತ್ತದೆ.

ಆನೆಯೊಂದೇ ಅಲ್ಲ

ಕೈ ಪಳಗಿದ ಮೇಲೆ ಗೆಳೆಯರ ಹವ್ಯಾಸಕ್ಕೆ ತಕ್ಕಂತೆ ಬೇರೆ ಪ್ರಾಣಿಗಳನ್ನೂ ಯೋಚಿಸಬಹುದು. ಇದೇ ಬೋಗುಣಿ ಆಕಾರಕ್ಕೆ ಸೊಂಡಿಲಿನ ಬದಲು ಚೂಪು ಮೂತಿ ಇಟ್ಟರೆ ಮುಳ್ಳುಹಂದಿ. ಚುಚ್ಚಿದ ಸೂಜಿಗಳೇ ಅದರ ಮುಳ್ಳು! ದುಂಡನೆಯ ಪುಟ್ಟ ಆಮೆಯ ಹೊಟ್ಟೆಗೆ ಎಲಾಸ್ಟಿಕ್ ಪಟ್ಟಿ ಹೊಲಿದರೆ ಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳಬಹುದು. ತಳಕ್ಕೆ ಮಾತ್ರ ಗಟ್ಟಿಯಾದ ರಟ್ಟು ಇರಲೇಬೇಕು. ಚಿತ್ರ ಬರೆಯುವ ಗೆಳೆಯನಿಗೆ ಉದ್ದನೆಯ ಮೊಸಳೆಯಾಕಾರದ ಕುಂಚದ ಚೀಲ, ಜಿಪ್ಪೇ ಅದರ ಬಾಯಿ. ಪುಸ್ತಕಪ್ರೇಮಿಗೆ ಮೀನಿನ ಆಕಾರದ ಪುಟಗುರುತು.

ಮೊದಲ ಸಲ ಮಾಡುವವರಿಗೆ ಒಂದು ಆನೆಗೆ ಎರಡು ಮೂರು ಸಂಜೆಗಳು ಬೇಕು. ಹುಟ್ಟುಹಬ್ಬದ ಹಿಂದಿನ ದಿನ ಶುರುಮಾಡದೆ ವಾರದ ಮೊದಲೇ ಕತ್ತರಿ ಹಿಡಿಯಿರಿ. ಮುಗಿದ ಮೇಲೆ ಜೂಲಿನ ಮೇಲೆ ಐದು ಹೊಸ ಸೂಜಿ, ಹತ್ತು ಬಣ್ಣದ ಗುಂಡುಪಿನ್ನು ಚುಚ್ಚಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸಣ್ಣ ಚೀಟಿಯೊಂದನ್ನು ಬಾಲಕ್ಕೆ ಕಟ್ಟಿ. ಚೀಟಿಯಲ್ಲಿ ಹೀಗೆ ಬರೆಯಬಹುದು: ‘ಸೂಜಿ ಐದು, ಪಿನ್ನು ಹತ್ತು. ಮಲಗುವ ಮುನ್ನ ಎಣಿಸಿಕೊಳ್ಳುವುದು.’ ಕೆಳಗೆ ನಿಮ್ಮ ಹೆಸರು.